ಹಾಲ್ ಟಿಕೆಟ್ ಫೋಟೊದಲ್ಲಿ ಏನಿದೆ?

ಬ್ರಹ್ಮಾವರದ ತಾಯಿಯೊಬ್ಬರು ಬರೆದಿದ್ದಾರೆ: 'ಎಸ್ಸೆಸ್ಸೆಲ್ಸಿ ಓದುವ ಮಗಳು ಹಾಲ್ ಟಿಕೆಟ್ ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದಳು. ಬೈದು ಅಳಿಸಿಸಿ, ಮೊಬೈಲ್ ಕಸಿದಿಟ್ಟೆ. ಎಲ್ಲರೂ ಹಾಕ್ತಾರೆ, ಅದರಲ್ಲಿ ಏನಿದೆ ಎಂದು ಮಾತೇ ಬಿಟ್ಟಿದ್ದಾಳೆ. ನಾನು ಮಾಡಿದ್ದು ಅತಿಯಾಯಿತೇ?'

ಸಂಪಾದಕರ ಉತ್ತರ: ಫೋಟೊ ಅಳಿಸಿಸಿದ್ದು ಸರಿ. ಮೊಬೈಲ್ ಕಸಿಯಬಾರದಿತ್ತು.

ಏನಿದೆ ಎಂಬ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಇದೆ. ಪಕ್ಕದಲ್ಲಿ ಕೂರಿಸಿಕೊಂಡು ಅವಳಿಂದಲೇ ಓದಿಸಿ. ಅವಳ ಹೆಸರು, ಭಾವಚಿತ್ರ, ಅಪ್ಪ ಅಮ್ಮನ ಹೆಸರು, ಶಾಲೆ, ಹುಟ್ಟಿದ ದಿನ, ರಿಜಿಸ್ಟರ್ ನಂಬರ್. ಕೊನೆಯ ಎರಡು ಸಿಕ್ಕರೆ ಫಲಿತಾಂಶದ ದಿನ ಅವಳ ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ಅದು ಸಣ್ಣ ಸಂಗತಿ. ನಾಳೆ ನಿಮಗೇ ಕರೆ ಮಾಡಿ, 'ಬೋರ್ಡಿನಿಂದ ಮಾತಾಡ್ತಿದ್ದೇವೆ, ಮಗಳಿಗೆ ಸ್ಕಾಲರ್‌ಶಿಪ್ ಬಂದಿದೆ' ಎಂದು ರಿಜಿಸ್ಟರ್ ನಂಬರ್ ಸಮೇತ ಹೇಳಿದರೆ ನೀವು ನಂಬದೆ ಇರುತ್ತೀರಾ? ಆಮೇಲೆ ಕೇಳುವುದು ಒಟಿಪಿ.

ಉಳಿದ ಪೋಸ್ಟ್‌ಗಳನ್ನೂ ನೋಡಿ. ಯೂನಿಫಾರ್ಮಿನ ಬ್ಯಾಡ್ಜ್ ಶಾಲೆಯನ್ನು ಹೇಳುತ್ತದೆ. ಕಲ್ಸಂಕದ ಬಸ್ ಸ್ಟಾಪಿನಲ್ಲಿ ದಿನಾ ಹಾಕುವ ಸ್ಟೋರಿ ಸಂಜೆ ಅವಳು ಎಲ್ಲಿರುತ್ತಾಳೆಂದು ಹೇಳುತ್ತದೆ. ಗೆಳತಿಯರ ಟ್ಯಾಗಿನಿಂದ ಅವಳ ಅಡ್ಡಹೆಸರೂ ಗೊತ್ತಾಗುತ್ತದೆ. 'ನಿನ್ನ ಸೀನಿಯರ್ ನಾನು' ಎಂದು ಪರಿಚಯ ಮಾಡಿಕೊಳ್ಳುವವನಿಗೆ ಇಷ್ಟು ಧಾರಾಳ. ಸಲಿಗೆ ಬೆಳೆಸುತ್ತಾನೆ, ಫೋಟೊ ಕೇಳುತ್ತಾನೆ, ಕೊನೆಗೆ 'ಮನೆಯವರಿಗೆ ಕಳಿಸ್ತೇನೆ' ಎಂದು ಹೆದರಿಸುತ್ತಾನೆ.

ಮೊಬೈಲ್ ಕಸಿಯಬಾರದಿತ್ತು ಎಂದದ್ದು ಇದಕ್ಕೇ. ಹೇಳಿದರೆ ಬೈಗುಳ, ಮೇಲೆ ಮೊಬೈಲೂ ಹೋಗುತ್ತದೆ ಎಂದು ಕಂಡುಕೊಂಡ ಹುಡುಗಿ ಮನೆಯಲ್ಲಿ ಬಾಯಿಬಿಡುವುದಿಲ್ಲ. ಹೆದರಿಸುವವನಿಗೆ ಬೇಕಾದ್ದೂ ಅದೇ. ಒಳಗೊಳಗೇ ನರಳುತ್ತ ಮಕ್ಕಳು ಹಣ ಹೊಂದಿಸಿ ಕೊಡುತ್ತಾರೆ, ಇನ್ನಷ್ಟು ಫೋಟೊ ಕಳಿಸುತ್ತಾರೆ, ಕೆಲವರು ಜೀವಕ್ಕೇ ಅಪಾಯ ತಂದುಕೊಳ್ಳುತ್ತಾರೆ. ದಯವಿಟ್ಟು ಇವತ್ತೇ ಮೊಬೈಲ್ ಕೊಟ್ಟುಬಿಡಿ. 'ಏನೇ ಆದರೂ ಮೊದಲು ನನಗೆ ಹೇಳು, ಬೈಯುವುದಿಲ್ಲ' ಎನ್ನಿ, ಆ ಮಾತಿಗೆ ತಪ್ಪಬೇಡಿ. ಇಬ್ಬರೂ ಕೂತು ಖಾತೆಯನ್ನು ಪ್ರೈವೇಟ್ ಮಾಡಿ, ಗುರುತಿಲ್ಲದ ಫಾಲೋವರ್‌ಗಳನ್ನು ತೆಗೆದುಹಾಕಿ.

ಬೆದರಿಕೆ ಬಂದರೆ ಹಣ ಕೊಡಬೇಡಿ, ಚಾಟ್ ಅಳಿಸಬೇಡಿ. ಫೋನ್ ಸಮೇತ ಉಡುಪಿಯ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಹೋಗಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದು ಹರಡಿದವರಿಗೆ ಐಟಿ ಕಾಯ್ದೆಯ 66ಇ ಪ್ರಕಾರ 3 ವರ್ಷದವರೆಗೆ ಜೈಲು. 18 ತುಂಬದವರ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಇದೆ. ಅಂಥ ಚಿತ್ರ ಹರಡುವ ಭಯವಿದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಬಳಸಬಹುದು. ಹೆಸರು ಹೇಳಬೇಕಿಲ್ಲ, ಚಿತ್ರವನ್ನು ಕಳಿಸಬೇಕಾಗಿಯೂ ಇಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ, ಅದನ್ನು ಹೋಲಿಸಿ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನವರು ಚಿತ್ರವನ್ನು ತೆಗೆದುಹಾಕುತ್ತಾರೆ.