ಟರ್ನರ್ ಓದಿದ ಹುಡುಗಿಗೆ ಸ್ಟೋರ್ಸ್‌ನಲ್ಲೇನು ಕೆಲಸ?

ಅಪ್ರೆಂಟಿಸ್‌ಶಿಪ್, ಅಂದರೆ ಕಾರ್ಖಾನೆಯಲ್ಲಿ ಕೆಲಸ ಕಲಿಯುವ ತರಬೇತಿ, ಅದರ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳಿದ್ದನ್ನೇ ಕೇಳುತ್ತವೆ. ಅರ್ಜಿ ಹಾಕುವುದು ಹೇಗೆ, ಯಾವ ದಾಖಲೆ ಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಎಲ್ಲವೂ ಇದೆ. ಐಟಿಐ ಪಾಸಾದವರಿಗೆ ಅಷ್ಟು ಓದಿಕೊಳ್ಳಲು ಬರಬೇಕು.

ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಸೀಟು ಕೊಡಿಸಲು ಒಬ್ಬರು 60,000 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ? (ತುಮಕೂರು)

ಬೇಡ. ಅಪ್ರೆಂಟಿಸ್‌ಗೆ ಕಂಪನಿ ಸ್ಟೈಪೆಂಡ್ (ತರಬೇತಿ ಭತ್ಯೆ) ಕೊಡುತ್ತದೆ, ಅಪ್ರೆಂಟಿಸ್ ಯಾರಿಗೂ ಏನೂ ಕೊಡುವುದಿಲ್ಲ. ಆ ಮನುಷ್ಯನ ನಂಬರನ್ನು ಪೊಲೀಸರಿಗೆ ಕೊಡಿ.

ಮಗಳು ಸರ್ಕಾರಿ ಐಟಿಐಯಲ್ಲಿ ಎರಡು ವರ್ಷ ಟರ್ನರ್ (ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕಸುಬು) ಮುಗಿಸಿ, ಬೆಳಗಾವಿ ಕಡೆಯ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾಳೆ. ನಾಲ್ಕು ತಿಂಗಳಾದರೂ ಲೇತ್ ಮುಟ್ಟಲು ಬಿಟ್ಟಿಲ್ಲ, ಸ್ಟೋರ್ಸ್‌ನಲ್ಲಿ ಕೂರಿಸಿ ಬೋಲ್ಟು, ಬೇರಿಂಗಿನ ಲೆಕ್ಕ ಬರೆಸುತ್ತಿದ್ದಾರೆ. ‘ಮಷಿನ್ ಹತ್ರ ಹೆಣ್ಮಕ್ಕಳಿಗೆ ಸೇಫ್ಟಿ ಇರಲ್ಲ’ ಅನ್ನುತ್ತಾರೆ ಸೂಪರ್‌ವೈಸರು. ನೆರಳಲ್ಲಿ ಕೂತು ಮಾಡುವ ಕೆಲಸ, ಸ್ಟೈಪೆಂಡೂ ಬರುತ್ತಿದೆ. ಹೀಗೇ ಬಿಡಬಹುದಲ್ಲವೇ ಮೇಡಂ? (ರಾಣೆಬೆನ್ನೂರಿನ ಒಬ್ಬ ತಂದೆ)

ಬಿಡಬಾರದು. ನೆರಳು ಮನೆಯಲ್ಲೂ ಇದೆ ಸ್ವಾಮಿ, ಅದಕ್ಕೆ ಬೆಳಗಾವಿಗೆ ಹೋಗಬೇಕಿರಲಿಲ್ಲ.

ಮೊದಲು ದುಡ್ಡಿನ ಮಾತು ಆಡೋಣ. 2019ರ ನಿಯಮದಲ್ಲಿ ಐಟಿಐ ಆದವರ ಸ್ಟೈಪೆಂಡ್ ತಿಂಗಳಿಗೆ ಕನಿಷ್ಠ 7,000 ರೂಪಾಯಿ. 2016ರಲ್ಲಿ ಶುರುವಾದ ಕೇಂದ್ರದ ಉತ್ತೇಜನ ಯೋಜನೆಯಲ್ಲಿ ಆ ಕಾರ್ಖಾನೆ ಸೇರಿದ್ದರೆ ಸ್ಟೈಪೆಂಡಿನ ಕಾಲು ಭಾಗವನ್ನು, ಗರಿಷ್ಠ 1,500 ರೂಪಾಯಿಯವರೆಗೆ, ಸರ್ಕಾರವೇ ಭರಿಸುತ್ತದೆ. ಅದಕ್ಕೂ ಮುಂಚೆ ಎರಡು ವರ್ಷ ಸರ್ಕಾರದ್ದೇ ಲೇತು, ಸರ್ಕಾರದ್ದೇ ಸಂಬಳದ ಮೇಷ್ಟರು. ಗಂಡಸರೇ ತುಂಬಿರುವ ಟ್ರೇಡ್‌ಗಳಿಗೆ (ಕಸುಬುಗಳಿಗೆ) ಹೆಣ್ಣುಮಕ್ಕಳೂ ಬರಲಿ ಎಂದು ಐಟಿಐಗಳಲ್ಲಿ ಶೇ 30ರಷ್ಟು ಸೀಟು ತೆಗೆದಿಟ್ಟಿರುವುದೂ ಇದೇ ಖಜಾನೆಯ ಖರ್ಚಿನಲ್ಲಿ. ಇಷ್ಟೆಲ್ಲ ಸುರಿದದ್ದು ಒಬ್ಬ ಟರ್ನರ್ ತಯಾರಾಗಲಿ ಎಂದು. ಕಾರ್ಖಾನೆಗೆ ಸಿಕ್ಕಿರುವುದು ಅಗ್ಗದ ಗುಮಾಸ್ತೆ. ವರದಿಯಲ್ಲಿ ಮಾತ್ರ ನಿಮ್ಮ ಮಗಳು ‘ಮಹಿಳಾ ಅಪ್ರೆಂಟಿಸ್, ಟರ್ನರ್, ಒಂದು’ ಎಂದು ಎಣಿಕೆಯಾಗುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ವರ್ಷ ಮುಗಿದ ಮೇಲೆ ಟ್ರೇಡ್ ಟೆಸ್ಟ್ ಬರುತ್ತದೆ. ನನ್ನ ಬಳಿ ಕಲಿತ ಒಬ್ಬ ಹುಡುಗಿ ಹೀಗೇ ಹನ್ನೊಂದು ತಿಂಗಳು ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆಗೆ ಬಂದಳು. ಕೈಗೆ ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಉಪಕರಣ) ಕೊಟ್ಟರೆ 24.62 ಮಿಲಿಮೀಟರನ್ನು 24.12 ಎಂದು ಓದಿದಳು. ಅದರ ಸ್ಲೀವ್ (ತಿರುಗದ ಕೊಳವೆ) ಮೇಲಿನ ಅರ್ಧ ಮಿಲಿಮೀಟರ್ ಗೆರೆ ಬಿಟ್ಟು ಓದುವುದು ಎಲ್ಲ ಹೊಸಬರೂ ಮಾಡುವ ತಪ್ಪೇ. ಶಾಪ್ ಫ್ಲೋರ್‌ನಲ್ಲಿ, ಅಂದರೆ ಮಷಿನ್‌ಗಳಿರುವ ಜಾಗದಲ್ಲಿ, ಒಂದು ವಾರ ಬೈಸಿಕೊಂಡರೆ ಹೋಗುತ್ತದೆ. ಅವಳಿಗೆ ಬೈಯುವವರೂ ಸಿಕ್ಕಿರಲಿಲ್ಲ. ಐಟಿಐ ಬಿಡುವಾಗ ಅವಳು ನನ್ನ ಬ್ಯಾಚಿನಲ್ಲೇ ಚೆನ್ನಾಗಿ ಥ್ರೆಡ್ ಕಟ್ ಮಾಡುತ್ತಿದ್ದವಳು.

ಇನ್ನು ಆ ಸೂಪರ್‌ವೈಸರ ‘ಸೇಫ್ಟಿ’. ಮೂವತ್ತು ವರ್ಷದಿಂದ ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಲೇತಿನಲ್ಲಿ ಲೋಹದ ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಸಡಿಲವಾಗಿ ಜೋತುಬಿದ್ದದ್ದನ್ನು ಅದು ಎಳೆದುಕೊಳ್ಳುತ್ತದೆ, ಅಷ್ಟೇ. ಗುಂಡಿ ಹಾಕದ ತೋಳು, ಬಳೆ, ವೇಲು, ಜಡೆ, ಉಂಗುರ, ಕೊರಳಿನ ಐಡಿ ಕಾರ್ಡ್ ಪಟ್ಟಿ, ಗಂಡುಹುಡುಗರ ಕೈಯಲ್ಲಿರುವ ಕೆಂಪು ದಾರ, ಇವುಗಳಲ್ಲಿ ಯಾವುದಾದರೂ ಸರಿ. ಹೆಣ್ಣುಮಕ್ಕಳ ಕೈ ಮೃದು ಎಂದು ಕರುಣೆಯಿಂದ ಹತ್ತಿಯ ಗ್ಲೌಸ್ ಹಾಕಿಸಿ ಲೇತ್ ಮುಂದೆ ನಿಲ್ಲಿಸುವ ಮಹಾನುಭಾವರಿದ್ದಾರೆ. ಲೇತ್ ಓಡುವಾಗ ಗ್ಲೌಸ್ ಹಾಕಲೇಬಾರದು. ಗ್ಲೌಸ್ ಸಿಕ್ಕಿಕೊಂಡರೆ ಬೆರಳೂ ಅದರ ಜೊತೆ ಹೋಗುತ್ತದೆ. ಕಡೆದು ಬಿದ್ದ ಲೋಹದ ಚೂರು ತೆಗೆಯಲು ಕೊಕ್ಕೆ ಇದೆ, ಬ್ರಷ್ ಇದೆ. ಇನ್ನು ‘ಚಕ್ ಭಾರ, ಎತ್ತೋಕಾಗಲ್ಲ’ ಎನ್ನುತ್ತಾರೆ. ದೊಡ್ಡ ಚಕ್ಕನ್ನು ಗಂಡಸರೂ ಕೈಯಲ್ಲಿ ಎತ್ತಬಾರದು. ಚೈನ್ ಪುಲ್ಲಿ ಇರುವುದು ಅದಕ್ಕೇ. ಎತ್ತಿದ ಗಂಡಸರ ಸೊಂಟ ನಲವತ್ತೈದಕ್ಕೆ ಏನಾಗಿರುತ್ತದೆ ಎಂದು ಅವರ ಮನೆಯವರನ್ನು ಕೇಳಿ.

ನಿಜವಾದ ತೊಂದರೆಗಳೂ ಇವೆ, ಅವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸೇಫ್ಟಿ ಶೂ ಗಂಡಸರ ಅಳತೆಯಲ್ಲೇ ತರಿಸಿರುತ್ತಾರೆ. ಮುಂದೆ ಬಟ್ಟೆ ತುರುಕಿ ಹಾಕಿಕೊಂಡ ಹುಡುಗಿಯರನ್ನು ನೋಡಿದ್ದೇನೆ. ಹೆಂಗಸರ ಶೌಚಾಲಯ ಆಫೀಸ್ ಕಟ್ಟಡದಲ್ಲಿ, ಮಷಿನ್ ಶಾಪ್ ಇನ್ನೊಂದು ತುದಿಯಲ್ಲಿ. ಅಷ್ಟು ದೂರ ಹೋಗಿ ಬಂದರೆ ‘ಎಲ್ಲಿ ಹೋಗಿದ್ದೆ’ ಎಂಬ ಪ್ರಶ್ನೆ, ಅದಕ್ಕೇ ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಸೇಫ್ಟಿ ಎಂದು ಚಿಂತಿಸುವವರು ಮೊದಲು ಇವೆರಡನ್ನು ಸರಿಮಾಡಲಿ. ಇನ್ನು ನಿಮ್ಮ ಮನಸ್ಸಿನಲ್ಲಿದ್ದು ಪತ್ರದಲ್ಲಿ ಬರೆಯದೆ ಬಿಟ್ಟ ಭಯಕ್ಕೂ ಉತ್ತರ ಹೇಳುತ್ತೇನೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯಿದೆ ‘ಅಪ್ರೆಂಟಿಸ್’ ಎಂಬ ಪದವನ್ನೇ ಬರೆದು ಅವರನ್ನೂ ಒಳಗೆ ಸೇರಿಸಿಕೊಂಡಿದೆ. ಹತ್ತು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಎಂದು ನಿಮ್ಮ ಮಗಳು ಈ ವಾರವೇ ತಿಳಿದುಕೊಳ್ಳಲಿ.

ಈಗ ಮಾಡಬೇಕಾದ್ದು. ಪೋರ್ಟಲ್‌ನಲ್ಲಿ ಅವಳ ಹೆಸರಿನ ಕಾಂಟ್ರಾಕ್ಟ್ ತೆಗೆದು ನೋಡಿ. ಟ್ರೇಡ್ ಕಾಲಂನಲ್ಲಿ ಟರ್ನರ್ ಎಂದೇ ಇರಬೇಕು. ಕಾಂಟ್ರಾಕ್ಟೇ ಇಲ್ಲ ಎಂದಾದರೆ ಅವಳು ಅಪ್ರೆಂಟಿಸ್ ಅಲ್ಲ, ಬರೀ ‘ಟ್ರೈನಿ’ ಎಂದು ಕರೆಸಿಕೊಳ್ಳುವ ಕೂಲಿ. ಆಗ ನನಗೆ ಇನ್ನೊಂದು ಪತ್ರ ಬರೆಯಿರಿ, ಅದರ ಕಥೆ ಬೇರೆ. ಕಾಂಟ್ರಾಕ್ಟ್ ಇದ್ದರೆ 1961ರ ಅಪ್ರೆಂಟಿಸಸ್ ಕಾಯಿದೆ ನಿಮ್ಮ ಕಡೆಗಿದೆ. ತರಬೇತಿಗೆ ಸಂಬಂಧವಿಲ್ಲದ ಕೆಲಸ ಮಾಡಿಸುವುದನ್ನು ಅದರ 30ನೇ ಕಲಂ ತಪ್ಪು ಎಂದು ಹೆಸರಿಟ್ಟು ಹೇಳುತ್ತದೆ. ದಂಡ ಹಾಕುತ್ತಾರೆಂದು ಕಾಯಬೇಡಿ. 2014ರಲ್ಲಿ ಜೈಲು ಶಿಕ್ಷೆಯನ್ನು ತೆಗೆದ ಮೇಲೆ ಆ ಕಲಮಿಗೆ ಹೆದರುವವರನ್ನು ನಾನು ಕಂಡಿಲ್ಲ. ಕೆಲಸಕ್ಕೆ ಬರುವುದು ಪ್ರಗತಿಯ ದಾಖಲೆ. ಯಾವ ಅವಧಿಯಲ್ಲಿ ಏನು ಕಲಿಸಿದರು ಎಂದು ಕಾರ್ಖಾನೆ ಬರೆದಿಡಬೇಕು. ‘ನನ್ನ ನಾಲ್ಕು ತಿಂಗಳ ದಾಖಲೆ ನೋಡಬೇಕು, ಮುಂದಿನ ತಿಂಗಳು ಯಾವ ಮಷಿನ್ ಎಂದು ತಿಳಿಸಿ’ ಎಂದು ಮಗಳೇ ಎರಡು ಸಾಲು ಇಮೇಲ್ ಹಾಕಲಿ. ನೀವು ಹಾಕಬೇಡಿ. ಊರಿನ ಮುಖಂಡರನ್ನು ಕಟ್ಟಿಕೊಂಡು ಗೇಟಿಗೆ ಹೋಗಲೇಬೇಡಿ, ಮುಂದಿನ ವರ್ಷ ಆ ಕಾರ್ಖಾನೆ ಒಂದು ಹುಡುಗಿಯನ್ನೂ ತೆಗೆದುಕೊಳ್ಳುವುದಿಲ್ಲ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಅವಳು ಓದಿದ ಐಟಿಐಯ ಪ್ರಾಂಶುಪಾಲರ ಮೂಲಕ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ (ಈ ಕಾಯಿದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ದೂರು ಕೊಡಿ. ಕಾಂಟ್ರಾಕ್ಟಿನ ತಕರಾರುಗಳನ್ನು ತೀರ್ಮಾನಿಸುವ ಅಧಿಕಾರ ಕಾಯಿದೆ ಕೊಟ್ಟಿರುವುದು ಅವರಿಗೇ. ಐಟಿಐಯವರು ‘ಹೊಂದಿಕೊಂಡು ಹೋಗಮ್ಮಾ’ ಎನ್ನಬಹುದು. ನಮ್ಮವರೇ ಆದರೂ ಹೇಳುತ್ತೇನೆ, ಆ ಮಾತು ಕೇಳಬೇಡಿ.

ಒಂದು ವಿಷಯ ಬಾಕಿ ಇದೆ. ನಿಮ್ಮ ಪತ್ರದಲ್ಲಿ ಸೂಪರ್‌ವೈಸರ ಮಾತಿದೆ, ನಿಮ್ಮ ಮಾತಿದೆ, ಮಗಳ ಮಾತು ಒಂದೂ ಇಲ್ಲ. ಅವಳಿಗೆ ಸ್ಟೋರ್ಸ್ ಬೇಕಾ ಎಂದು ಕೇಳಿದ್ದೀರಾ?

ಪರಿಶಿಷ್ಟರಿಗೆ ಅಪ್ರೆಂಟಿಸ್‌ಶಿಪ್‌ನಲ್ಲಿ ಮೀಸಲಾತಿ ಸರ್ಕಾರಿ ಸಂಸ್ಥೆಗಳಲ್ಲಿ ಮಾತ್ರವೇ? (ಚಿತ್ರದುರ್ಗ)

ಅಲ್ಲ. ನಿಗದಿತ ಟ್ರೇಡ್‌ಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ತರಬೇತಿ ಸ್ಥಾನ ಕಾಯ್ದಿರಿಸುವ ಹೊಣೆಯನ್ನು ಕಾಯಿದೆ ‘ಉದ್ಯೋಗದಾತ’ರ ಮೇಲೆ ಹಾಕಿದೆ, ಖಾಸಗಿಯವರನ್ನು ಬಿಟ್ಟಿಲ್ಲ. 2007ರ ತಿದ್ದುಪಡಿ ಹಿಂದುಳಿದ ವರ್ಗಗಳನ್ನೂ ಸೇರಿಸಿತು. ಎಚ್‌ಆರ್‌ನವರು ‘ಅಂಥದ್ದೇನಿಲ್ಲ’ ಎಂದರೆ 3ಎ ಮತ್ತು 3ಬಿ ಕಲಂ ಓದಿ ಎನ್ನಿ. ಹೆಂಗಸರಿಗೆ ಮಾತ್ರ ಈ ಕಾಯಿದೆಯಲ್ಲಿ ಇಂಥ ಕಲಂ ಇಲ್ಲ.

ಲೈನ್‌ಮನ್ ಕೆಲಸ ಹೆಂಗಸರಿಂದ ಆಗುತ್ತದೆಯೇ? ಕಂಬ ಹತ್ತಬೇಕಲ್ಲ? (ಮಂಡ್ಯ)

ತೆಲಂಗಾಣದ ಬಬ್ಬೂರಿ ಶಿರೀಷಾ ಹೈಕೋರ್ಟಿನ ಮೊರೆಹೋಗಿ, ಕಂಬ ಹತ್ತಿ, 2022ರಲ್ಲಿ ನೇಮಕಾತಿ ಪತ್ರ ತೆಗೆದುಕೊಂಡರು. ಮುಂದಿನ ಪ್ರಶ್ನೆ.

ಅಪ್ರೆಂಟಿಸ್ ಮುಗಿಸಿದರೆ ಅಲ್ಲೇ ಕಾಯಂ ಆಗುತ್ತದೆಯೇ? (ಹೆಸರು ಬೇಡ ಎಂದ ಏಳು ಜನ)

ಇಲ್ಲ. ಉಳಿದೆಲ್ಲ ಸಮಾನವಾಗಿದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ, ಅಷ್ಟೇ. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿನ ಲೆವೆಲ್ 1 (ಅತಿ ಕೆಳಗಿನ ದರ್ಜೆ) ನೇಮಕಾತಿಯಲ್ಲಿ ಶೇ 20 ಹುದ್ದೆಗಳಿವೆ. ಪರೀಕ್ಷೆ ಬರೆದೇ ಹೋಗಬೇಕು.

ಅಪ್ರೆಂಟಿಸ್ ಸ್ಟೈಪೆಂಡಿನಲ್ಲಿ ಪಿಎಫ್, ಇಎಸ್‌ಐ ಕಡಿಯುತ್ತಿಲ್ಲ. ಮೋಸವೇ? (ಪೀಣ್ಯ)

ಮೋಸವಲ್ಲ. ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಆದರೆ ತರಬೇತಿಯಲ್ಲಿ ಗಾಯವಾದರೆ ಕಾರ್ಮಿಕನಿಗೆ ಕೊಡುವ ಹಾಗೆಯೇ ಪರಿಹಾರ ಕೊಡಬೇಕು. ಬೆರಳಿಗೆ ಸಣ್ಣದಾಗಿ ತಗುಲಿದರೂ ಅಪಘಾತದ ರಿಜಿಸ್ಟರ್‌ನಲ್ಲಿ ಅದೇ ದಿನ ಬರೆಸಿ, ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ.