ಓದುಗರ ಪ್ರಶ್ನೆ: ಮೀನದಲ್ಲಿ ಬುಧ

ಪ್ರಶ್ನೆ: ನನ್ನ ಮಗಳ ಜಾತಕದಲ್ಲಿ ರವಿ, ಬುಧ ಇಬ್ಬರೂ ಮೀನದಲ್ಲಿದ್ದಾರೆ. ಒಬ್ಬ ಜೋಯಿಸರು ‘ಬುಧ ನೀಚ, ಪಚ್ಚೆ ಹಾಕಿಸಿ’ ಅಂದರು. ಇನ್ನೊಬ್ಬರು ‘ಬುಧಾದಿತ್ಯ ಯೋಗ, ಬಹಳ ಅಪರೂಪ’ ಅಂದರು. ಯಾರನ್ನು ನಂಬಲಿ? ಮೀನದಲ್ಲಿ ಬುಧನಿಗೆ ಅಂಥದ್ದೇನು ತೊಂದರೆ?
– ಗೃಹಿಣಿ, ಶಿರಸಿ

ಉತ್ತರ: ಅಮ್ಮಾ, ನಾನು ಗ್ರಹಗಳನ್ನು ಕಲಿತದ್ದು ಅಪ್ಪನ ಗ್ರಂಧಿಗೆ ಅಂಗಡಿಯಲ್ಲಿ, ನವಧಾನ್ಯದ ಪೊಟ್ಟಣ ಕಟ್ಟುತ್ತಾ. ರವಿಗೆ ಗೋಧಿ, ಗುರುವಿಗೆ ಕಡಲೆ, ಬುಧನಿಗೆ ಹೆಸರುಕಾಳು. ಹಸಿರು ಕಾಳು, ಹಸಿರು ವಸ್ತ್ರ, ಹಸಿರು ಪಚ್ಚೆ, ಎಲ್ಲಾ ಒಂದೇ ಲೆಕ್ಕ. ಮಾತು, ಗಣಿತ, ವ್ಯಾಪಾರ ಅವನ ಪಾಲಿಗೆ.

ಮೀನದ ವಿಷಯಕ್ಕೆ ಪುರಾಣದ ಜಗಳ ಗೊತ್ತಿರಬೇಕು. ಬೃಹಸ್ಪತಿಯ ಹೆಂಡತಿ ತಾರೆಯನ್ನು ಚಂದ್ರ ಕರೆದುಕೊಂಡು ಹೋದ. ದೇವತೆಗಳಿಗೂ ಅಸುರರಿಗೂ ಯುದ್ಧವೇ ಆಯಿತು. ಬ್ರಹ್ಮ ನಡುವೆ ಬಂದು ತಾರೆಯನ್ನು ಗಂಡನ ಮನೆಗೆ ಕಳಿಸಿದ. ಆಮೇಲೆ ಹುಟ್ಟಿದ ಮಗು ಯಾರದು ಅಂತ ಇಬ್ಬರೂ ಕಿತ್ತಾಡಿದರು. ಕೊನೆಗೆ ತಾರೆ ಮೆಲ್ಲಗೆ ‘ಚಂದ್ರನದು’ ಅಂದಳು. ಆ ಮಗುವೇ ಬುಧ.

ಈಗ ರಾಶಿಚಕ್ರ ನೋಡಿ. ಬುಧನ ಮನೆಗಳು ಮಿಥುನ, ಕನ್ಯಾ. ಅವುಗಳಿಗೆ ನೇರ ಎದುರು ಧನು, ಮೀನ. ಎರಡೂ ಗುರುವಿನವು, ಅಂದರೆ ಬೃಹಸ್ಪತಿಯವು! ಸ್ವಂತ ಮನೆಯಾದ ಕನ್ಯಾದಲ್ಲಿ ಬುಧ ಉಚ್ಚ, ಅಂದರೆ ಬಲ ಹೆಚ್ಚು; ತಾಯಿಯ ಗಂಡನ ಮನೆಯಾದ ಮೀನದಲ್ಲಿ ನೀಚ, ಅಂದರೆ ಬಲ ಕಡಿಮೆ. ಇನ್ನೂ ಒಂದು ತಮಾಷೆ ಇದೆ. ಚಂದ್ರನಿಗೆ ಬುಧ ಮಿತ್ರ, ಬುಧನಿಗೆ ಮಾತ್ರ ಚಂದ್ರ ಶತ್ರು. ಅಪ್ಪನಿಗೆ ಮಗನ ಮೇಲೆ ಪ್ರೀತಿ, ಮಗನಿಗೆ ಸಿಟ್ಟು ಹೋಗಿಲ್ಲ. ನಮ್ಮ ಹಿರಿಯರು ಸಂಸಾರದ ವ್ಯಾಜ್ಯವನ್ನೇ ಕುಂಡಲಿಯಲ್ಲಿ ಬರೆದಿಟ್ಟಿದ್ದಾರೆ ಅನ್ನಿಸುತ್ತದೆ ನನಗೆ.

ಬುಧ ಯಾವ ಪಕ್ಷಕ್ಕೂ ಪೂರ್ತಿ ಸೇರದವನು. ಶುಭರ ಜೊತೆ ಶುಭ, ಪಾಪರ ಜೊತೆ ಪಾಪ. ಶಾಸ್ತ್ರ ಅವನನ್ನು ನಪುಂಸಕ ಗ್ರಹ ಅನ್ನುತ್ತದೆ. ಅವನು ಕೈಹಿಡಿದ ಇಳೆಯೋ, ಒಂದು ತಿಂಗಳು ಹೆಣ್ಣು, ಒಂದು ತಿಂಗಳು ಗಂಡು. ಅವರ ಮಗ ಪುರೂರವ. ಚಂದ್ರವಂಶ ಬೆಳೆದದ್ದು ಅವನಿಂದ.

ಆದ್ದರಿಂದ ‘ನೀಚ’ ಅಂದರೆ ಮಗಳು ದಡ್ಡಿ ಅಂತಲ್ಲ. ಲೆಕ್ಕ ಹಾಕುವ ಬುದ್ಧಿ ನಂಬಿಕೆಯ ಮನೆಯಲ್ಲಿ ಕೂತಿದೆ, ಅಷ್ಟೇ. ಕಥೆ ಬರೆಯುವವರಿಗೆ ಅದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಸಾಲ ಮಾಡಿ ಪಚ್ಚೆ ತರಬೇಡಿ. ಬುಧವಾರ ಹೆಸರುಕಾಳು ದಾನ ಕೊಡಿ, ಸಾಕು.

ಇನ್ನು ‘ಅಪರೂಪ’ದ ಬುಧಾದಿತ್ಯ ಯೋಗ, ಅಂದರೆ ರವಿ, ಬುಧ ಒಂದೇ ರಾಶಿಯಲ್ಲಿ ಕೂರುವುದು. ಆಕಾಶದಲ್ಲಿ ಬುಧ ಸೂರ್ಯನಿಂದ 28 ಡಿಗ್ರಿಗಿಂತ ಜಾಸ್ತಿ ದೂರ ಹೋಗುವುದೇ ಇಲ್ಲ. ಹೆಚ್ಚುಕಡಿಮೆ ಅರ್ಧ ಊರಿನ ಜಾತಕದಲ್ಲಿ ಈ ಯೋಗ ಸಿಗುತ್ತದೆ! ಜಾತಕದಲ್ಲಿ ರವಿ ಸ್ಫುಟ, ಬುಧ ಸ್ಫುಟ ಅಂತ ಅಂಕಿ (ಗ್ರಹ ಎಷ್ಟನೇ ಡಿಗ್ರಿಯಲ್ಲಿದೆ ಅನ್ನುವ ಲೆಕ್ಕ) ಇರುತ್ತದೆ, ನೋಡಿ. ವ್ಯತ್ಯಾಸ 14 ಡಿಗ್ರಿಗಿಂತ ಕಡಿಮೆ ಇದ್ದರೆ, ವಕ್ರ (ಹಿಂದಕ್ಕೆ ಹೋಗುವಂತೆ ಕಾಣುವ) ಬುಧನಾದರೆ 12ಕ್ಕಿಂತ ಕಡಿಮೆ ಇದ್ದರೆ, ಬುಧ ಅಸ್ತ, ಅಂದರೆ ಸೂರ್ಯನ ಬೆಳಕಿನಲ್ಲಿ ಮುಳುಗಿ ಬಲ ಕಳೆದುಕೊಂಡವನು. ಹಾಗಿದ್ದಲ್ಲಿ ಎರಡನೇ ಜೋಯಿಸರ ಹತ್ತಿರ ಹೋಗಿ, ಇದನ್ನು ಯಾಕೆ ಹೇಳಲಿಲ್ಲ ಅಂತ ಕೇಳಿ.