ಬಾಗಿಲು ಹಾಕಿದ ಪರ್ತ್‌ನಲ್ಲಿ ನಾನಿದ್ದೆ

ತಮ್ಮಾ, ಪರ್ತ್‌ಗೆ ಬಂದು ಎರಡು ತಿಂಗಳಾಯ್ತು ಅಂತ ಬರೆದಿದ್ದೀಯ. ಸ್ವಾತಂತ್ರ್ಯ, ಹಕ್ಕು ಅಂತ ಇಷ್ಟು ಮಾತಾಡೋ ಜನ ಕೋವಿಡ್‌ನಲ್ಲಿ ಎರಡು ವರ್ಷ ಗಡಿ ಮುಚ್ಚಿದ್ದನ್ನ ಹೇಗೆ ಸಹಿಸಿಕೊಂಡ್ರು, ಮತ್ತೆ ಹಾಗೇ ಆದ್ರೆ ಊರಲ್ಲಿರೋ ಅಪ್ಪ ಅಮ್ಮನ ಗತಿ ಏನು ಅಂತ ಕೇಳಿದ್ದೀಯ.

ಸಹಿಸಿಕೊಂಡಿದ್ದಲ್ಲಪ್ಪ, ಮನಸಾರೆ ಒಪ್ಪಿದ್ರು. 2020ರ ಏಪ್ರಿಲ್ 5ರಿಂದ ಪರ್ತ್ ಇರೋ ಈ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯ, ವಿಶೇಷ ಅನುಮತಿ ಇಲ್ಲದೆ ಇದೇ ದೇಶದ ಬೇರೆ ರಾಜ್ಯದವರನ್ನೂ ಒಳಗೆ ಬಿಡಲಿಲ್ಲ. ಗಣಿ ಧಣಿ ಕ್ಲೈವ್ ಪಾಮರ್ ಇದು ಸಂವಿಧಾನಕ್ಕೆ ವಿರುದ್ಧ ಅಂತ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ ಸೋತ್ರು. 2021ರ ಮಾರ್ಚ್ ಚುನಾವಣೆಯಲ್ಲಿ, ಬಾಗಿಲು ಹಾಕಿದ ಆಗಿನ ಮುಖ್ಯಮಂತ್ರಿ ಮಾರ್ಕ್ ಮೆಕ್‌ಗೊವಾನ್ ಅವರ ಪಕ್ಷಕ್ಕೆ 59ರಲ್ಲಿ 53 ಸೀಟು!

ನಾನಾಗ ಇಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಮೆಲ್ಬರ್ನ್‌ನ ವೃದ್ಧಾಶ್ರಮಗಳಲ್ಲಿ ನೂರಾರು ಹಿರಿಯರು ತೀರಿಕೊಂಡಿದ್ರು, ನಮ್ಮಲ್ಲಿ ಎಲ್ಲರೂ ಕ್ಷೇಮ. ಒಂದು ಬೆಳಿಗ್ಗೆ ಅಜ್ಜಿಯೊಬ್ಬರ ಕಾಲಿನ ಗಾಯಕ್ಕೆ ಪಟ್ಟಿ ಕಟ್ತಾ ಇದ್ದೆ. ಟಿವಿಯಲ್ಲಿ ಗಡಿಯ ಸುದ್ದಿ ಬಂತು. ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, "ಬಾಗಿಲು ತೆಗೀಬಾರದು ಕಣಮ್ಮ" ಅಂದ್ರು. "ತೆಗಿಯಲ್ಲ ಬಿಡಿ" ಅಂದೆ. ಬಾಯಿಮಾತಿಗೆ ಹೇಳಿದ್ದಲ್ಲ.

ಅದೇ ವಾರ ತಿಪಟೂರಿಂದ ಫೋನ್. ಅಪ್ಪ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು.

ಆಗ ಇಲ್ಲಿನ ಪ್ರಜೆಗಳೂ ಅನುಮತಿ ಇಲ್ಲದೆ ದೇಶ ಬಿಡೋ ಹಾಗಿರಲಿಲ್ಲ. ಅರ್ಜಿ ಹಾಕಿದೆ, ಪುರಾವೆ ಸಾಲದು ಅಂತ ಎರಡು ಸಲ ವಾಪಸ್ ಬಂತು. ಅಮ್ಮನನ್ನಾದ್ರೂ ಕರೆಸಿಕೊಳ್ಳೋಣ ಅಂದ್ರೆ, ಹತ್ತಿರದ ಕುಟುಂಬದವರಿಗೆ ಮಾತ್ರ ಅವಕಾಶ, ನಿಯಮದ ಪ್ರಕಾರ ಹತ್ತಿರದ ಕುಟುಂಬ ಅಂದ್ರೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು. ಹೆತ್ತವರು ಆ ಪಟ್ಟಿಗೆ ಸೇರಿದ್ದು 2021ರ ನವೆಂಬರ್ 1ಕ್ಕೆ. ಅಮ್ಮನ ಹೆಸರಿಲ್ಲದ ಆ ಪಟ್ಟಿ ಓದಿದ ದಿನ ಅತ್ತಿದ್ದೆ. ಬಾಗಿಲು ಹಾಕಿದ್ದು ಸರಿ ಅಂತ ಇವತ್ತಿಗೂ ಅನ್ತೀನಿ. ಆದ್ರೆ ಅಮ್ಮ ಮನೆಯವಳಲ್ಲ ಅಂತ ಬರೆದಿದ್ದು ತಪ್ಪು. ಹೊರಗೆ ಉಳಿದವರು ತಮ್ಮವರಲ್ಲದಾಗ ಒಪ್ಪೋದು ಎಷ್ಟು ಸುಲಭ ಅಂತ ಆಗ ಅರ್ಥ ಆಯ್ತು. 2021ರ ಮೇ 3ರಿಂದ 15ರವರೆಗೆ ಭಾರತದಿಂದ ಬರೋದೇ ಅಪರಾಧವಾಗಿತ್ತು, ಐದು ವರ್ಷದವರೆಗೆ ಜೈಲು. ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಇದ್ದೋರಿಗೂ ಅದೇ ನಿಯಮ.

ಇಲ್ಲಿನ ಸಿಟಿಜನ್‌ಶಿಪ್ ತಗೊಂಡ್ರೆ ಈ ತಾಪತ್ರಯ ಇರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. 2020ರ ಮಾರ್ಚ್‌ನಲ್ಲಿ ಭಾರತವೂ ಓಸಿಐ ಕಾರ್ಡ್‌ನವರ, ಅಂದ್ರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರ ಪ್ರವೇಶ ತಡೆಹಿಡಿದಿತ್ತು.

2022ರ ಮಾರ್ಚ್ 3ಕ್ಕೆ ಪರ್ತ್ ಬಾಗಿಲು ತೆಗೀತು. ನಾನು ಊರು ಸೇರೋ ಹೊತ್ತಿಗೆ ಅಪ್ಪ ಕೋಲು ಹಿಡಿದು ಜಗಲಿಯವರೆಗೆ ನಡೀತಿದ್ರು. ಅವರನ್ನ ಆಸ್ಪತ್ರೆಗೆ ಎತ್ತಿಕೊಂಡು ಹೋದವನು, ಮೂರು ರಾತ್ರಿ ಅಲ್ಲೇ ನೆಲದ ಮೇಲೆ ಮಲಗಿದವನು ಎದುರುಮನೆಯ ಎಳನೀರು ಮಾರೋ ಹುಡುಗ. ನಿಮ್ಮ ಬೀದಿಯಲ್ಲಿ ಅಂಥವರು ಯಾರಿದ್ದಾರೆ ಅಂತ ಅಮ್ಮನ್ನ ಕೇಳು, ಇವತ್ತೇ ನಂಬರ್ ತಗೊಂಡು ಒಂದು ಸಲ ಮಾತಾಡಿಬಿಡು.